ಅರಿಕುಠಾರದಲ್ಲಿ ಒಂದು ದಿನ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೀರ್ಘವಾದ ಪತ್ರವೊಂದು ಬಂದಿತು. ಗುಂಡ್ಲುಪೇಟೆ ಸೀಮೆಯವನಾದ ಆತ ಈಗ ಜರ್ಮನಿಯಲ್ಲಿ ಎಂಜಿನಿಯರ್. ಎರಡು ದಿನಗಳ ಬಿಡುವಿನಲ್ಲಿ ಸ್ಪೇನ್ ದೇಶದ ಗ್ರನಾಡಾ ನಗರವನ್ನು ನೋಡಿ ಬಂದನಂತೆ. ಜಗತ್ಪ್ರಸಿದ್ಧವಾದ ಅಲ್‌ಹಂಬ್ರಾ ಅರಮನೆಯನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿ, ಊರೊಳಗಿರುವ ರಾಜ ಸಮಾಧಿಮಂದಿರದ ಕುರಿತು ಒಂದು ಪುಟ ತುಂಬ ಬರೆದಿದ್ದಾನೆ. 1492ರಲ್ಲಿ ಆ ನಗರವನ್ನು ಗೆದ್ದ ಇಸಬೆಲ್ಲಾ ರಾಣಿ 1504ರಲ್ಲಿ, ಆಕೆಯ ಪತಿ ಫರ್ಡಿನೆಂಡ್ 1516ರಲ್ಲಿ ತೀರಿಕೊಂಡರು. ಮೊದಲು ಬೆಟ್ಟದ ಮೇಲಿನ ಮಠದಲ್ಲಿ ಹೂಳಲಾಗಿದ್ದ ಅವರ ದೇಹಗಳನ್ನು 1521ರಲ್ಲಿ ಮೊಮ್ಮಗ ಐದನೆಯ ಚಾರ್ಲ್ಸ್ ಈ ಮಂದಿರಕ್ಕೆ ತರಿಸಿದನು. ಇಷ್ಟನ್ನು ಬರೆದು, ಕೊನೆಗೆ, “ಅಲ್ಲಿ ನಿಂತಾಗ ನನಗೆ ನಮ್ಮ ಚಾಮರಾಜನಗರದ ಪ್ರವಾಸ ನೆನಪಾಯಿತು ಸರ್. ನಿಮಗೆ ನೆನಪಿದೆಯೇ?” ಎಂದು ಕೇಳಿದ್ದಾನೆ.

ನೆನಪಿದೆ. ಮರೆಯುವಂತಹ ದಿನವಲ್ಲ ಅದು.

ಅದು 1994ನೆಯ ಇಸವಿ. ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆ ವರ್ಷ ನಮ್ಮ ಶಾಲೆಯಿಂದ ಶ್ರೀರಂಗಪಟ್ಟಣ, ಮೈಸೂರುಗಳಿಗೆ ಪ್ರವಾಸ ಹೊರಟಿತ್ತು. ಹಣ ಹೊಂದಿಸಲಾಗದ ಒಂಬತ್ತನೆಯ ತರಗತಿಯ ಹನ್ನೊಂದು ಮಕ್ಕಳು ಉಳಿದುಕೊಂಡರು. ಬಸ್ಸು ಹೊರಟಾಗ ಅವರು ಗೇಟಿನ ಬಳಿ ನಿಂತು ಕೈಬೀಸಿದ್ದನ್ನು ನೋಡಿ ನನ್ನ ಮನಸ್ಸಿಗೆ ಬಹಳ ಕಸಿವಿಸಿಯಾಯಿತು. ಮುಂದಿನ ಶನಿವಾರ ಆ ಹನ್ನೊಂದು ಮಂದಿಯನ್ನು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಕರೆದೊಯ್ಯಲು ನಿಶ್ಚಯಿಸಿದೆ. ಟಿಕೆಟ್ಟಿನ ಹಣ ನನ್ನದು, ಬುತ್ತಿ ಅವರವರದು.

ಹೊರಡುವ ಮುನ್ನ ಮಕ್ಕಳನ್ನು ನಮ್ಮೂರಿನ ಪರವಾಸುದೇವ ದೇವಾಲಯದ ಕಡೆಗೆ ನಡೆಸಿಕೊಂಡು ಹೋದೆ. ದೂರದ ಕೋಟೆಗಳ ಕಥೆಯನ್ನು ಬಾಯಿಪಾಠ ಮಾಡುವ ನಾವು ಪಕ್ಕದ ಗೋಡೆಯ ಕಥೆಯನ್ನು ಕೇಳುವುದೇ ಇಲ್ಲ. ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಇಲ್ಲಿಂದ ಊಟಿಯ ಹಾದಿಯಲ್ಲಿರುವ ಹಂಗಳವನ್ನು ನೀವೆಲ್ಲ ಬಲ್ಲಿರಿ. ಚಿಕ್ಕದೇವರಾಜ ಒಡೆಯರು ಸಿಂಹಾಸನವೇರುವ ಮುನ್ನ ಬಹುಕಾಲ ಆ ಹಂಗಳದಲ್ಲಿಯೇ ನಿರ್ಬಂಧದಲ್ಲಿದ್ದರು. ಮುಂದೆ ಅವರ ಮಂತ್ರಿಯಾದ ವಿಶಾಲಾಕ್ಷ ಪಂಡಿತನ ಒಡನಾಟ ಅಲ್ಲಿಯೇ ಬೆಳೆಯಿತು. ಅವರ ತಂದೆಯ ಉತ್ತರಕ್ರಿಯೆಗಳು ನಡೆದದ್ದು ನಮ್ಮೂರಿನ ಹೊಳೆಯ ದಡದಲ್ಲಿ. 1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜರು ಆ ತಂದೆಯ ನೆನಪಿಗಾಗಿ ಇಲ್ಲಿ ಪರವಾಸುದೇವನ ಗುಡಿಯನ್ನು ಕಟ್ಟಿಸಿದರು. ನಾವು ಹೋದಾಗ ಗಿಡಗಂಟಿಗಳ ನಡುವೆ ಆಡುಗಳು ಮೇಯುತ್ತಿದ್ದವು. “ಇದು ಮಗನು ತಂದೆಗೆ ಸಲ್ಲಿಸಿದ ಋಣ” ಎಂದು ಹೇಳಿ ಬಸ್ ನಿಲ್ದಾಣಕ್ಕೆ ಕರೆತಂದೆ.

ಗುಂಡ್ಲುಪೇಟೆಯಿಂದ ಚಾಮರಾಜನಗರ ಒಂದು ಗಂಟೆಯ ಪಯಣ. ದಾರಿಯಲ್ಲಿ ತೆರಕಣಾಂಬಿ ಬಂದಾಗ, ಇದೇ ಹಿಂದಿನ ತ್ರಿಕದಂಬಪುರ, ಒಂದು ಕಾಲಕ್ಕೆ ದೊಡ್ಡ ಪಟ್ಟಣವೆಂದು ಕಿಟಕಿಯಿಂದಲೇ ತೋರಿಸಿದೆ.

ಚಾಮರಾಜನಗರದ ಹಿಂದಿನ ಹೆಸರು ಅರಿಕುಠಾರ. ಅಲ್ಲಿನ ಜನನ ಮಂಟಪದ ಮುಂದೆ ಮಕ್ಕಳನ್ನು ಕೂರಿಸಿ ಕಥೆ ಹೇಳಿದೆ. 1774ರಲ್ಲಿ ಇಲ್ಲಿನ ಅರಸು ಮನೆತನದಲ್ಲಿ ಒಂದು ಗಂಡು ಮಗು ಹುಟ್ಟಿತು. ಎರಡು ವರ್ಷಗಳ ಬಳಿಕ ಮೈಸೂರಿನ ದೊರೆ ಸಂತಾನವಿಲ್ಲದೆ ತೀರಿಕೊಂಡಾಗ, ಅಧಿಕಾರವೆಲ್ಲ ಹೈದರಾಲಿಯ ಕೈಯಲ್ಲಿತ್ತು. ಹೆಸರಿಗೊಬ್ಬ ರಾಜ ಬೇಕಾಗಿತ್ತು. ಹೈದರನು ರಾಜಬಂಧುಗಳ ಮಕ್ಕಳನ್ನೆಲ್ಲ ಸೇರಿಸಿ, ನಡುವೆ ಆಟಿಕೆ, ತಿಂಡಿ, ಆಯುಧಗಳನ್ನು ಹರಡಿಸಿದನೆಂದೂ, ಉಳಿದ ಮಕ್ಕಳು ಆಟಿಕೆಗೆ ಮುಗಿಬಿದ್ದಾಗ ಅರಿಕುಠಾರದ ಕೂಸು ಕಠಾರಿಯನ್ನು ಹಿಡಿಯಿತೆಂದೂ, ಅದನ್ನೇ ರಾಜನೆಂದು ಆರಿಸಿದನೆಂದೂ ಒಂದು ಕಥೆಯುಂಟು. ಆ ಕೂಸೇ ಚಾಮರಾಜ ಒಡೆಯರು.

ಕಠಾರಿ ಹಿಡಿದ ಆ ಕೈಗೆ ಬದುಕಿನಲ್ಲಿ ಅಧಿಕಾರವೆಂಬುದು ದಕ್ಕಲೇ ಇಲ್ಲ. ಗೆದ್ದ ಯುದ್ಧವಿಲ್ಲ, ಕಟ್ಟಿಸಿದ ಕೆರೆಯಿಲ್ಲ. 1796ರಲ್ಲಿ ಅವರು ತೀರಿಕೊಂಡಾಗ ಟಿಪ್ಪು ಸುಲ್ತಾನನು ಇನ್ನೊಬ್ಬ ರಾಜನನ್ನು ನೇಮಿಸುವ ಗೋಜಿಗೂ ಹೋಗಲಿಲ್ಲ. ಆಗ ಅವರ ಮಗನಿಗೆ ಎರಡು ವರ್ಷ. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಆ ಮಗುವಿಗೆ ಪಟ್ಟವಾಯಿತು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ತಂದೆಯ ಮುಖದ ನೆನಪೂ ಇರಲಾರದ ಆ ಮಗ, 1818ರಲ್ಲಿ ತಂದೆ ಹುಟ್ಟಿದ ಊರಿಗೆ ತಂದೆಯ ಹೆಸರನ್ನೇ ಇಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅಲ್ಲಿ ಶಿವನಿಗೆ ತಂದೆಯ ಹೆಸರು, ದೇವಿಗೆ ತಾಯಿಯ ಹೆಸರು: ಕೆಂಪನಂಜಾಂಬ. ಆಷಾಢದಲ್ಲಿ ನವದಂಪತಿಗಳು ಹಣ್ಣು ಜವನ ಎಸೆಯುವ ತೇರು ಆ ದೇವರದೇ. 2017ರಲ್ಲಿ ಆ ಹಳೆಯ ತೇರಿಗೆ ಬೆಂಕಿ ಬಿದ್ದು, ಹೊಸ ತೇರಾಗಿ 2022ರಲ್ಲಿ ಮತ್ತೆ ಹರಿದದ್ದನ್ನು ನೀವು ಬಲ್ಲಿರಿ.

“ನೋಡಿ ಮಕ್ಕಳೇ, ಏನನ್ನೂ ಸಾಧಿಸಲಾಗದೆ ಹೋದ ತಂದೆಯ ಹೆಸರನ್ನು ಮಗನು ಹೇಗೆ ಉಳಿಸಿದ” ಎಂದು ನಾನು ಹೆಮ್ಮೆಯಿಂದ ಪಾಠ ಮುಗಿಸಿದೆ. ಆಗ ಹಿಂದೆ ಕುಳಿತಿದ್ದ ಹುಡುಗನೊಬ್ಬ ಎದ್ದು ನಿಂತ. “ಸರ್, ಅವರು ರಾಜರು. ನಮ್ಮಪ್ಪನೂ ಸತ್ತುಹೋಗಿದ್ದಾರೆ. ನಾನೇನು ಕಟ್ಟಿಸಲಿ?” ಎಂದು ಕೇಳಿದ.

ಅವನ ತಂದೆ ಕರಿಕಲ್ಲಿನ ಗಣಿಯಲ್ಲಿ ಕೂಲಿಯಾಗಿದ್ದು ತೀರಿಕೊಂಡಿದ್ದರು. ಚಾಮರಾಜನಗರದ ಕರಿಕಲ್ಲಿಗೆ ಹೊರದೇಶಗಳಲ್ಲಿ ಬಹಳ ಬೇಡಿಕೆ; ಸಮಾಧಿಗಳ ಮೇಲೆ ಹೆಸರು ಕೊರೆಯಲು ಅದಕ್ಕಿಂತ ನುಣುಪಾದ ಕಲ್ಲು ಅಪರೂಪ. ಇದೆಲ್ಲ ನನಗೆ ತಿಳಿದಿತ್ತು. ತರಗತಿಯಲ್ಲಿ ಖನಿಜಗಳ ಪಾಠದಲ್ಲಿ ಹೇಳಿಯೂ ಇದ್ದೆ. ಆದರೆ ಆ ಹುಡುಗನ ಮನೆಯ ವಿಷಯ ನನಗೆ ತಿಳಿದಿರಲಿಲ್ಲ. ಉತ್ತರ ಹೊಳೆಯದೆ, “ಬಸ್ಸಿಗೆ ಹೊತ್ತಾಯಿತು, ಏಳಿ” ಎಂದುಬಿಟ್ಟೆ. ಮೂವತ್ತಕ್ಕೂ ಹೆಚ್ಚು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ನಾನು ನಾಚಿಕೆಪಡುವ ಮಾತುಗಳಲ್ಲಿ ಅದೂ ಒಂದು.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗಳನ್ನು ತುಂಬುವಾಗ ಪ್ರವೇಶ ದಾಖಲೆಯಲ್ಲಿ ಅವನ ಪುಟ ತೆರೆದೆ. ತಂದೆಯ ಹೆಸರಿನ ಜಾಗದಲ್ಲಿ ಸೋದರಮಾವನ ಹೆಸರಿತ್ತು. ಒಂದನೆಯ ತರಗತಿಗೆ ಸೇರಿಸಲು ಬಂದವರ ಹೆಸರನ್ನೇ ಯಾರೋ ಬರೆದುಕೊಂಡಿದ್ದರು. ಅದೇ ಶಾಲೆಯಿಂದ ಶಾಲೆಗೆ ನಕಲಾಗುತ್ತ ಬಂದಿತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ತಿದ್ದಿಸುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು. ಹಾಗೆಯೇ ಬಿಟ್ಟಿದ್ದರೆ ಆ ಕಲ್ಲುಕುಟಿಗನ ಹೆಸರು ಮಗನ ಯಾವ ಕಾಗದದಲ್ಲಿಯೂ ಉಳಿಯುತ್ತಿರಲಿಲ್ಲ.

ಹುಡುಗನ ತಾಯಿಯನ್ನು ಕರೆಸಿದೆ. ಆಕೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟರು. ಕೊನೆಗೆ ಮಗನೇ ಹೇಳಿದ. ಮರಣದ ದಾಖಲೆ, ಪ್ರಮಾಣಪತ್ರ, ಮೇಲಧಿಕಾರಿಗಳ ಅನುಮತಿ ಎಂದು ನಾಲ್ಕು ಬಾರಿ ಅಲೆದಾಡಿ, ಕಡೆಯ ದಿನಾಂಕಕ್ಕೆ ಮುಂಚೆ ತಿದ್ದುಪಡಿ ಮಾಡಿಸಿದೆವು. ಆ ದಿನ ಹುಡುಗನು ಪುಸ್ತಕದ ಮೇಲೆ ಬಾಗಿ ಆ ಸಾಲನ್ನು ಎರಡು ಸಲ ಓದಿದ. ನಾನು ಏನನ್ನೂ ಹೇಳಲಿಲ್ಲ; ಅವನೂ ಹೇಳಲಿಲ್ಲ.

ಪತ್ರ ಬರೆದವನು ಆ ಹುಡುಗನೇ. ಗ್ರನಾಡಾದ ವಸತಿಗೃಹದಲ್ಲಿ ಪಾಸ್‌ಪೋರ್ಟ್ ಕೇಳಿದರಂತೆ. ಸಮಾಧಿಮಂದಿರದಿಂದ ಮರಳಿದ ಸಂಜೆ ಅದರ ಕೊನೆಯ ಪುಟವನ್ನು ತೆರೆದು ನೋಡಿದನಂತೆ. ಅಲ್ಲಿ ತಂದೆಯ ಹೆಸರು ಅಚ್ಚಾಗಿದೆ. “ಚಕ್ರವರ್ತಿ ಅಜ್ಜ ಅಜ್ಜಿಯರ ದೇಹಗಳನ್ನು ಮಂದಿರಕ್ಕೆ ತರಿಸಿದ. ನಮ್ಮಪ್ಪ ಊರು ಬಿಟ್ಟು ಮೈಸೂರನ್ನೂ ನೋಡಿದವರಲ್ಲ. ಆದರೂ ಅವರ ಹೆಸರು ನನ್ನ ಜೇಬಿನಲ್ಲಿ ಸ್ಪೇನಿನವರೆಗೂ ಬಂದಿತು ಸರ್” ಎಂದು ಬರೆದಿದ್ದಾನೆ.

ಅಂದು ನನಗೆ ಹೊಳೆಯದ ಉತ್ತರ ಕಡೆಗೆ ಅವನಿಂದಲೇ ಬಂದಿತು. ಇತಿಹಾಸವೆಂದರೆ ದೊಡ್ಡವರ ಸಾಧನೆಗಳ ಪಟ್ಟಿಯೆಂದು ನಾನು ಬಹುಕಾಲ ಬೋಧಿಸಿದೆ. ಚಾಮರಾಜ ಒಡೆಯರ ಹೆಸರು ಉಳಿದದ್ದು ಸಾಧನೆಯಿಂದಲ್ಲ, ಉಳಿಯಲೇಬೇಕೆಂದು ಹಟ ಹಿಡಿದ ಮಗನೊಬ್ಬನಿಂದ. ಆ ಹಟಕ್ಕೆ ಸಿಂಹಾಸನವೇ ಬೇಕೆಂದಿಲ್ಲ.

ನನ್ನದೊಂದು ಕೋರಿಕೆ. ಇದನ್ನು ಓದಿದವರು ಈ ವಾರ ಮನೆಯ ಹಿರಿಯರ ಬಳಿ ಕುಳಿತು, ತಾತ ಮುತ್ತಾತಂದಿರ ಮತ್ತು ಅಜ್ಜಿಯರ ಹೆಸರು, ಹುಟ್ಟಿದ ಊರು, ಮಾಡುತ್ತಿದ್ದ ಕೆಲಸಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಬಾರಿ ಊರಿಗೆ ಬಂದಾಗ ಮಕ್ಕಳಿಗೆ ಪರವಾಸುದೇವನ ಗುಡಿಯನ್ನೂ ಜನನ ಮಂಟಪವನ್ನೂ ತೋರಿಸಿ. ಒಂದೇ ದಿನ ಸಾಕು. ಮಕ್ಕಳು ಏನಾದರೂ ಪ್ರಶ್ನೆ ಕೇಳಿದರೆ ಮಾತ್ರ, ಬಸ್ಸಿಗೆ ಹೊತ್ತಾಯಿತೆನ್ನಬೇಡಿ.