ಸ್ಲೈಗೋ ಊರಿನ ಕೆಂಪಂಗಿಯವರು

ಐರ್ಲೆಂಡಿನ ವಾಯವ್ಯ ಕರಾವಳಿಯ ಸ್ಲೈಗೋ ಪಟ್ಟಣವೆಂದರೆ ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆಲ್ಲ ಕವಿ ಯೇಟ್ಸ್ ನೆನಪಾಗುತ್ತಾರೆ. ಡಬ್ಲಿನ್ನಿನಿಂದ ನಾನು ಮೊದಲ ಸಲ ಅಲ್ಲಿಗೆ ಹೋದದ್ದೂ ಅವರ ಸಮಾಧಿಯನ್ನು ನೋಡಲೆಂದೇ. ನಾವು ಇಳಿದುಕೊಂಡಿದ್ದ ಮನೆಯ ಯಜಮಾನರು ಅದನ್ನು ಕೇಳಿ ನಕ್ಕು, "ಸಮಾಧಿ ನಾಳೆಯೂ ಅಲ್ಲೇ ಇರುತ್ತದೆ, ಈ ಸಂಜೆ ಮ್ಯಾಚಿದೆ, ಬನ್ನಿ" ಎಂದರು. ಈ ಲೇಖನಕ್ಕೆ ಅವರೇ ಕಾರಣ.

ಸುಮಾರು ಇಪ್ಪತ್ತು ಸಾವಿರ ಜನರ ಊರು. 1928ರಲ್ಲಿ ಅಲ್ಲಿನ ಸಣ್ಣ ತಂಡಗಳು ಒಂದಾಗಿ ಸ್ಲೈಗೋ ರೋವರ್ಸ್ ಹುಟ್ಟಿತು. ಆಗ ಐರ್ಲೆಂಡಿನಲ್ಲಿ ಸಾಕರ್ ಆಡುವುದು ಸುಲಭವಿರಲಿಲ್ಲ. ಗೇಲಿಕ್ ಫುಟ್‌ಬಾಲ್ ಅವರದ್ದೇ ಆದ ಆಟ. ಅದರಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು. ಸಾಕರ್ ಮಾತ್ರ ಇಂಗ್ಲಿಷ್ ಸಿಪಾಯಿಗಳ ಆಟವೆಂಬ ತಾತ್ಸಾರ. ಗೇಲಿಕ್ ಸಂಸ್ಥೆಯವರು ಸಾಕರ್ ಆಡುವುದಿರಲಿ, ನೋಡಲೂ ಹೋಗಕೂಡದೆಂಬ ನಿಷೇಧ 1971ರವರೆಗೂ ಇತ್ತು. 1938ರಲ್ಲಿ ಒಂದು ಅಂತಾರಾಷ್ಟ್ರೀಯ ಪಂದ್ಯ ನೋಡಿದ ತಪ್ಪಿಗೆ ದೇಶದ ರಾಷ್ಟ್ರಪತಿ ಡಗ್ಲಸ್ ಹೈಡ್ ಅವರನ್ನೇ ಪೋಷಕ ಸ್ಥಾನದಿಂದ ತೆಗೆದುಹಾಕಿದ್ದರು!

ಅಂಥ ಕಾಲದಲ್ಲಿ ರೋವರ್ಸ್ 1934ರಲ್ಲಿ ರಾಷ್ಟ್ರೀಯ ಲೀಗ್ ಸೇರಿ, 1937ರಲ್ಲಿ ಚಾಂಪಿಯನ್ ಆಯಿತು. ಆದರೆ ಊರಿನವರು ಇಂದಿಗೂ ಹೇಳುವ ಕಥೆ 1939ರದ್ದು. ಯೇಟ್ಸ್ ಫ್ರಾನ್ಸಿನಲ್ಲಿ ತೀರಿಕೊಂಡ ಆ ಜನವರಿ ತಿಂಗಳಲ್ಲೇ ಡಿಕ್ಸಿ ಡೀನ್ ಸ್ಲೈಗೋಗೆ ಆಡಲು ಬಂದರು. 1927-28ರ ಒಂದೇ ಋತುವಿನಲ್ಲಿ ಎವರ್ಟನ್ ತಂಡಕ್ಕೆ 60 ಲೀಗ್ ಗೋಲು ಹೊಡೆದ ಆಸಾಮಿ! ಇಂಗ್ಲೆಂಡಿನ ಮೊದಲ ದರ್ಜೆಯಲ್ಲಿ ಆ ದಾಖಲೆಯನ್ನು ಇದುವರೆಗೆ ಯಾರೂ ಮುರಿದಿಲ್ಲ. ಆಗ ಅವರ ಆಟದ ಬದುಕು ಇಳಿಮುಖವಾಗಿತ್ತು ನಿಜ. ಆದರೂ ಏಳು ಲೀಗ್ ಪಂದ್ಯಗಳಲ್ಲಿ ಹತ್ತು ಗೋಲು ಹೊಡೆದರು. ಎಫ್.ಎ.ಐ. ಕಪ್ ಫೈನಲಿನಲ್ಲಿ ಶೆಲ್ಬರ್ನ್ ವಿರುದ್ಧವೂ ಅವರದೊಂದು ಗೋಲು. ಪಂದ್ಯ 1-1 ಸಮವಾಯಿತು. ಮರುಪಂದ್ಯದಲ್ಲಿ ರೋವರ್ಸ್ 0-1ರಿಂದ ಸೋತಿತು. ಡೀನ್ ಅವರಿಗೆ ಸಿಕ್ಕ ಎರಡನೇ ಸ್ಥಾನದ ಪದಕವೂ ಕಳುವಾಯಿತು.

ಆಮೇಲೆ ಕಾಯುವ ಸರದಿ. ಯುದ್ಧದ ವರ್ಷಗಳಲ್ಲಿ ತಂಡ ಲೀಗಿನಿಂದಲೇ ಹೊರಗಿತ್ತು. 1940, 1970, 1978, 1981: ನಾಲ್ಕು ಸಲ ಫೈನಲ್, ನಾಲ್ಕು ಸಲವೂ ಸೋಲು. 1978ರ ಫೈನಲ್ ನೋಡಲು ಮುದುಕ ಡೀನ್ ಮತ್ತೆ ಬಂದಿದ್ದರು. ಆಗ ಅವರಿದ್ದ ಹೋಟೆಲಿಗೆ ಯಾರೋ ಒಂದು ಪೊಟ್ಟಣ ಕಳಿಸಿದ್ದರು. ಬಿಚ್ಚಿದರೆ, 39 ವರ್ಷಗಳ ಹಿಂದೆ ಕಳೆದುಹೋದ ಅದೇ ಪದಕ! ಕದ್ದವನಿಗೂ ಮನಸ್ಸು ಕರಗಿರಬೇಕು.

ಕೊನೆಗೂ 1983ರಲ್ಲಿ ಬೊಹೀಮಿಯನ್ಸ್ ತಂಡವನ್ನು 2-1ರಿಂದ ಸೋಲಿಸಿ ಕಪ್ ಗೆದ್ದರು. ಗೆಲುವಿನ ಗೋಲು ಹ್ಯಾರಿ ಮೆಕ್ಲಾಕ್ಲಿನ್ ಅವರದು. ನಮ್ಮ ಯಜಮಾನರ ತಂದೆ 1939ರ ಸೋಲನ್ನು ಕಣ್ಣಾರೆ ಕಂಡವರಂತೆ. ಗೆಲುವಿನ ಹೊತ್ತಿಗೆ ಅವರಿರಲಿಲ್ಲ. ಮರುದಿನ ಬೆಳಿಗ್ಗೆ ಮಗ ಕೆಂಪು-ಬಿಳಿ ಶಾಲೊಂದನ್ನು ಅವರ ಗೋರಿಯ ಮೇಲೆ ಹೊದಿಸಿ ಬಂದರಂತೆ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಮೈದಾನವನ್ನೇ ನೋಡುತ್ತಿದ್ದರು.

ಶೋಗ್ರೌಂಡ್ಸ್ ಎಂಬ ಆ ಮೈದಾನ ಯಾವ ಧನಿಕನ ಆಸ್ತಿಯೂ ಅಲ್ಲ; ಊರ ಜನರ ಪರವಾಗಿ ಒಂದು ಟ್ರಸ್ಟಿನ ಕೈಯಲ್ಲಿದೆ. ಕ್ಲಬ್ಬೂ ಊರಿನದೇ. ಕೆಲಸ ಮುಗಿಸಿ ಬಂದು ಸಂಬಳವಿಲ್ಲದೆ ದುಡಿಯುವವರನ್ನು ನೋಡಿದಾಗ ನನಗೆ ನಮ್ಮ ಸಂಘದ ಖಜಾಂಚಿ ಮತ್ತು ಅವರ ರಶೀದಿ ಪುಸ್ತಕ ನೆನಪಾಗದೆ ಇರಲಿಲ್ಲ!

ಮುಂದೆ 1994ರಲ್ಲಿ ಮತ್ತೆ ಕಪ್. 2010ರ ಫೈನಲಿನಲ್ಲಿ ಗೋಲ್‌ಕೀಪರ್ ಕಿಯರನ್ ಕೆಲಿ ಶಾಮ್ರಾಕ್ ರೋವರ್ಸ್‌ನ ನಾಲ್ಕು ಪೆನಾಲ್ಟಿಗಳನ್ನೂ ತಡೆದರು. ಡಬ್ಲಿನ್ನಿನಲ್ಲಿ ಅದನ್ನು ನೋಡಿದವರು 36 ಸಾವಿರಕ್ಕೂ ಹೆಚ್ಚು. 2011 ಮತ್ತು 2013ರಲ್ಲೂ ಕಪ್, ನಡುವೆ 2012ರಲ್ಲಿ, 35 ವರ್ಷಗಳ ನಂತರ, ಲೀಗ್ ಪ್ರಶಸ್ತಿ.

ಡೀನ್ ಅವರ ಋಣವನ್ನೂ ಸ್ಲೈಗೋ ತೀರಿಸಿತೆನ್ನಬೇಕು. ಪಕ್ಕದ ಡೊನೆಗಾಲ್ ಜಿಲ್ಲೆಯ ಕಿಲ್ಲಿಬೆಗ್ಸ್ ಎಂಬ ಮೀನುಗಾರರ ಊರಿನಿಂದ ಬಂದ ಷೇಮಸ್ ಕೋಲ್ಮನ್ ಎಂಬ ಹುಡುಗ ಇಲ್ಲಿ ಪಳಗಿ, 2009ರ ಜನವರಿಯಲ್ಲಿ ಎವರ್ಟನ್ ಸೇರಿದ. ಮುಂದೆ ಆ ತಂಡಕ್ಕೂ ಐರ್ಲೆಂಡಿಗೂ ನಾಯಕನಾದ. ಎವರ್ಟನ್ ಅವನಿಗಾಗಿ ಕೊಟ್ಟದ್ದು 60 ಸಾವಿರ ಪೌಂಡ್. ಡೀನ್ ಹೊಡೆದ ಒಂದೊಂದು ಗೋಲಿಗೆ ಸಾವಿರದಂತೆ ಲೆಕ್ಕ ಸರಿಹೋಯಿತೆಂದು ಯಜಮಾನರು ನಗುತ್ತಾ ಹೇಳಿದರು. ಯೇಟ್ಸ್ ಸಮಾಧಿಗೆ ನಾವು ಹೋದದ್ದು ಮರುದಿನ, ಮಳೆಯಲ್ಲಿ.