ಪೆಟ್ಟಿಗೆ ಯಾರದು?

ನಮ್ಮ ಹಿರಿಯರ ಮನೆಗಳಲ್ಲಿ ಪೆಟ್ಟಿಗೆಗಳಿಗೆ ಕೊರತೆಯಿರಲಿಲ್ಲ. ಬೆಲೆಬಾಳುವ ವಸ್ತುಗಳಿಗೆ ಮರದ ಕಲೆಂಬಿ, ಸೀರೆಗಳಿಗೆ ಟ್ರಂಕು, ವೀಳ್ಯಕ್ಕೆ ಎಲೆಪೆಟ್ಟಿಗೆ. ಒಂದೊಂದು ಪೆಟ್ಟಿಗೆಯ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದರ ಮೇಲೆ ಆ ಮನೆಯ ಯಜಮಾನಿಕೆ ಯಾರದು ಎಂದು ಹೇಳಬಹುದಿತ್ತು. ಬಂಟ್ವಾಳದ ಸಂಚಯಗಿರಿಯಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯಕ್ಕೆ ನೀವು ಹೋಗಿದ್ದರೆ ನಮ್ಮ ಅಜ್ಜಿಯರ ಕೈ ಪಳಗಿದ ಬಗೆಬಗೆಯ ಸಾಮಾನುಗಳನ್ನು ನೋಡಿರುತ್ತೀರಿ.

ಆದರೆ ನಾನು ಹೇಳಹೊರಟಿರುವುದು ಅಷ್ಟು ಹಳೆಯದಲ್ಲದ, ಯಾರೂ ಅಕ್ಕರೆಯಿಂದ ನೋಡದ ಇನ್ನೊಂದು ಪೆಟ್ಟಿಗೆಯ ಕಥೆ. ಗ್ರೀಸು ಮೆತ್ತಿದ, ಮುಟ್ಟಿದರೆ ಕೈ ಕಪ್ಪಾಗುವ ಕಬ್ಬಿಣದ ಪೆಟ್ಟಿಗೆ ಅದು. ಮನೆಯ ಬದಿಯಲ್ಲಿ ಶೀಟು ಹಾಕಿ ಬೈಕು, ಸ್ಕೂಟರು ರಿಪೇರಿ ಮಾಡುವವರ ಟೂಲ್ ಬಾಕ್ಸು. ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ವೇಣೂರಿನ ಮೇಲೆ ಮೂಡಬಿದಿರೆಗೆ ಬಸ್ಸಿನಲ್ಲಿ ಕೂತು ಹೊರಗೆ ನೋಡಿದರೆ ಇಂಥ ಶೆಡ್ಡುಗಳು ಎಷ್ಟೋ ಕಾಣಸಿಗುತ್ತವೆ. ಇದೆಲ್ಲ ಗಂಡಸರ ಸಂಗತಿ ಎಂದು ನಾವು ಮುಖ ತಿರುಗಿಸುತ್ತೇವೆ. ಆ ಪೆಟ್ಟಿಗೆಯ ಹಿಂದೆ ಯಾರ ಯಾರ ಕೈಯಿದೆ ಎಂದು ನೋಡಿದರೆ ಹಾಗೆ ತಿರುಗಿಸುವಂತಿಲ್ಲ.

ಮೊದಲು ನಮ್ಮೂರುಗಳಲ್ಲಿ ಹತಾರವನ್ನು ಅಂಗಡಿಯಿಂದ ತರುವ ಕ್ರಮವಿರಲಿಲ್ಲ. ಆಚಾರಿಗೆ ಬೇಕಾದ ಉಳಿಯನ್ನು ಕಮ್ಮಾರ ಮಾಡಿಕೊಡುತ್ತಿದ್ದ. ಹಿಡಿಯನ್ನು ಆಚಾರಿಯೇ ತನ್ನ ಕೈಯ ಅಳತೆಗೆ ಕೂರಿಸಿಕೊಳ್ಳುತ್ತಿದ್ದ. ಒಬ್ಬನ ಉಳಿ ಇನ್ನೊಬ್ಬನಿಗೆ ಒಗ್ಗುತ್ತಿರಲಿಲ್ಲ. ಯಂತ್ರದ ಕೆಲಸ ನಮ್ಮ ಜಿಲ್ಲೆಗೆ ಕಾಲಿಟ್ಟದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. 1874ರಲ್ಲಿ ಯಂತ್ರ ಕೆಲಸದ ಒಂದು ಕಾರ್ಯಾಗಾರವನ್ನೂ ಆರಂಭಿಸಿದರು. ಯಂತ್ರಕ್ಕೆ ಬೇಕಾದ ಹತಾರ ಬೇರೆಯೇ ಜಾತಿಯದು. ಅದಕ್ಕೆ ಹಿಡಿಯುವವನ ಕೈ ಮುಖ್ಯವಲ್ಲ, ನಟ್ಟಿನ ಅಳತೆ ಮುಖ್ಯ. ಕಾರ್ಖಾನೆಯಲ್ಲಿ ತಯಾರಾಗಿ, ಮೈಮೇಲೆ ನಂಬರು ಹೊತ್ತು ಬರುವ ಸಾಮಾನು. ಮಾಡಿಸಿಕೊಳ್ಳುವುದು ಸಾಧ್ಯವಿಲ್ಲ, ಕೊಂಡೇ ತೀರಬೇಕು. ಕೊಳ್ಳಲು ರೊಕ್ಕ ಬೇಕು. ನಮ್ಮ ಕಥೆಯ ಗಂಟು ಇರುವುದೇ ಇಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರುಗಳು ಬಂದವು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿಗೆ ಒಲೆಯಂಥ ಡ್ರಮ್ಮು ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ನಡುದಾರಿಯಲ್ಲಿ ಕೆಟ್ಟರೆ ಅಲ್ಲೇ ಬಿಚ್ಚಿ ಸರಿಮಾಡಬೇಕು. ಹಾಗೆ ರಸ್ತೆಯ ಬದಿಯಲ್ಲೇ ಕೆಲಸ ಕಲಿತ ಕ್ಲೀನರು ಹುಡುಗರು ಮುಂದೆ ಮೆಕ್ಯಾನಿಕ್ಕುಗಳಾದರು. ಬಳಿಕ ನಮ್ಮ ಗುಡ್ಡದ ದಾರಿಗಳಿಗೆ ಜೀಪುಗಳು ಬಂದವು. ಬ್ರಿಟಿಷ್, ಅಮೆರಿಕನ್ ಮೂಲದ ಆ ಗಾಡಿಗಳ ನಟ್ಟು ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು.

ಸರಕಾರ 1956ರಲ್ಲಿ ಕಾನೂನು ಮಾಡಿ ಮೆಟ್ರಿಕ್ ಅಳತೆಯನ್ನು ತಂದಿತು. ನಮಗೆ ನೆನಪಿರುವುದು ಸೇರು ಹೋಗಿ ಕಿಲೋ ಬಂದದ್ದು, ಆಣೆ ಹೋಗಿ ನಯೇ ಪೈಸೆ ಬಂದದ್ದು. ಗ್ಯಾರೇಜಿಗೂ ಅದೇ ಪಾಡು. 1985ರಲ್ಲಿ ಹೀರೋ ಹೋಂಡಾದಂಥ ಜಪಾನಿ ಮಾದರಿಯ ಬೈಕುಗಳು ಬಂದಾಗ ಎಲ್ಲವೂ ಮಿಲಿಮೀಟರು. ಅರ್ಧ ಇಂಚು ಎಂದರೆ 12.7 ಮಿಲಿಮೀಟರು. ಆ ನಟ್ಟಿಗೆ ಹದಿಮೂರರ ಸ್ಪ್ಯಾನರ್ ಹಾಕಿದರೆ ಕೂತ ಹಾಗೆಯೇ ಕಾಣುತ್ತದೆ, ಬಲ ಹಾಕಿದರೆ ಜಾರುತ್ತದೆ. ನಟ್ಟಿನ ಮೂಲೆ ಸವೆಯುತ್ತದೆ, ಬೆರಳಿನ ಗೆಣ್ಣು ಒಡೆಯುತ್ತದೆ. ಹಾಗಾಗಿ ಜೀಪೂ ಬೈಕೂ ಎರಡನ್ನೂ ನೋಡುವವನಿಗೆ ಎರಡು ಸೆಟ್ಟು ಬೇಕು. ಬಡವನ ಪೆಟ್ಟಿಗೆಗೆ ಇದೇನೂ ಸಣ್ಣ ಭಾರವಲ್ಲ.

ಇಷ್ಟು ನಾನು ತಿಳಿದದ್ದು ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ್ದರಿಂದಲ್ಲ, ನನ್ನ ತಮ್ಮನಿಂದ. ಅವನು 1985ರಲ್ಲಿ ಹದಿನಾರರ ಹುಡುಗ. ಹತ್ತನೆಯ ತರಗತಿಯಲ್ಲಿ ಗಣಿತ ಕೈಕೊಟ್ಟಿತು, ಬಿ.ಸಿ. ರೋಡಿನ ಒಂದು ಗ್ಯಾರೇಜಿಗೆ ಸೇರಿದ. ಗ್ಯಾರೇಜಿನಲ್ಲಿ ಕಲಿಯುವ ಹುಡುಗನಿಗೆ ತನ್ನದೆಂದು ಒಂದು ಸ್ಕ್ರೂ ಡ್ರೈವರೂ ಇರುವುದಿಲ್ಲ. ಎಲ್ಲ ದನಿಗಳದ್ದು. ಸಂಜೆ ಸೀಮೆಎಣ್ಣೆಯಲ್ಲಿ ತೊಳೆದು, ಒರಸಿ, ಎಣಿಸಿ ಒಪ್ಪಿಸಬೇಕು. ಒಂದು ಸಲ ಒಂದು ರಿಂಗ್ ಸ್ಪ್ಯಾನರ್ ಕಾಣೆಯಾಯಿತು. ಅದರ ಬೆಲೆ ಇವನ ಸಂಬಳದಿಂದ ಹೋಯಿತು. ವಾರದ ಬಳಿಕ ಅದು ಯಾರದೋ ಲಾರಿಯ ಅಡಿಯಲ್ಲಿ ಸಿಕ್ಕಿತು. ಹೋದ ಸಂಬಳ ಮಾತ್ರ ಬರಲಿಲ್ಲ.

ಆ ರಾತ್ರಿ ಅಮ್ಮ ಏನೂ ಹೇಳಲಿಲ್ಲ. ಬೀಡಿ ಕಟ್ಟುತ್ತಾ ಕೂತಿದ್ದಳು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಓದುಗರಿಗೆ ಆ ಚಿತ್ರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ತೊಡೆಯ ಮೇಲೆ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಹುಡಿ, ನೆನೆಸಿದ ಎಲೆ, ನೂಲು. ಎಲೆ ಕತ್ತರಿಸಲು ಅಳತೆಯ ಒಂದು ತಗಡು ಮತ್ತು ಒಂದು ಕತ್ತರಿ. ಅಮ್ಮನ ಹತಾರದ ಪೆಟ್ಟಿಗೆ ಎಂದರೆ ಇಷ್ಟೇ. ಆದರೆ ಆ ಕತ್ತರಿ ಅವಳ ಸ್ವಂತದ್ದು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಬಟ್ಟೆ ಕತ್ತರಿಸಲು ಕೇಳಿದರೂ ಕೊಡುತ್ತಿರಲಿಲ್ಲ. ಕೈ ಹತಾರಕ್ಕೂ ಹತಾರ ಕೈಗೂ ಒಗ್ಗಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು.

1989ರಲ್ಲಿ ಬೀಡಿಯ ಬೋನಸ್ಸು ಕೈಗೆ ಬಂದಾಗ, ಅದಕ್ಕೆ ತನ್ನ ಸಣ್ಣ ಉಳಿತಾಯವನ್ನೂ ಸೇರಿಸಿ ತಮ್ಮನ ಕೈಗಿತ್ತಳು. ಅವನು ಮಂಗಳೂರಿನ ಬಂದರಿನ ಅಂಗಡಿಗೆ ಹೋಗಿ ಒಂದು ಪೆಟ್ಟಿಗೆ ತಂದ. ಮುಚ್ಚಳ ತೆರೆದರೆ ಎರಡೂ ಬದಿಗೆ ಮೆಟ್ಟಿಲಿನಂತೆ ಬಿಚ್ಚಿಕೊಳ್ಳುವ ಐದು ಅರೆಗಳ ಪೆಟ್ಟಿಗೆ. ಆರು-ಏಳರಿಂದ ಇಪ್ಪತ್ತು-ಇಪ್ಪತ್ತೆರಡರವರೆಗಿನ ಎಂಟು ಡಬಲ್ ಸ್ಪ್ಯಾನರ್, ನಾಲ್ಕು ರಿಂಗ್ ಸ್ಪ್ಯಾನರ್, ಒಂದು ಕಟಿಂಗ್ ಪ್ಲೇಯರ್, ಒಂದು ಸುತ್ತಿಗೆ. ಐದರಲ್ಲಿ ಮೂರು ಅರೆ ಖಾಲಿ. ಮರುವರ್ಷ ಗುರುವಾಯನಕೆರೆ ಕಡೆ ನಮ್ಮ ಸಣ್ಣ ಜಾಗದಲ್ಲಿ ಶೆಡ್ಡು ಎದ್ದಿತು. ಗಿರಾಕಿಗಳು ಅವನನ್ನು ‘ಹುಡುಗ’ ಎನ್ನುವುದನ್ನು ಬಿಟ್ಟು ‘ಮೇಸ್ತ್ರಿ’ ಎಂದರು. ಕೆಲಸ ಮೊದಲೂ ಅವನಿಗೆ ಗೊತ್ತಿತ್ತು. ಹೊಸತಾಗಿ ಬಂದದ್ದು ಪೆಟ್ಟಿಗೆ ಮಾತ್ರ.

ನಮ್ಮ ಜಿಲ್ಲೆಯ ದೊಡ್ಡವರಿಗೂ ಈ ಸತ್ಯ ಹೊಳೆದಿತ್ತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯಾದರೂ ಸಾಕು, ಏಜೆಂಟನೇ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ಹೊಸಿಲು ದಾಟದ ಎಷ್ಟೋ ಹೆಂಗಸರ ಮೊದಲ ಬ್ಯಾಂಕು ಆ ಏಜೆಂಟನ ಚೀಲ. (ಆ ಬ್ಯಾಂಕು 2020ರ ಎಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) 1982ರಲ್ಲಿ ಈ ಎರಡು ಬ್ಯಾಂಕುಗಳೂ ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟೂ ಸೇರಿ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದವು. ಕೆಲಸವಿಲ್ಲದ ಯುವಕ ಯುವತಿಯರಿಗೆ ಊಟ, ವಸತಿ ಕೊಟ್ಟು ಕೆಲವೇ ವಾರಗಳಲ್ಲಿ ಒಂದು ಕಸುಬು ಕಲಿಸುವುದು ಅಲ್ಲಿನ ಕ್ರಮ. ಕಲಿಸಿ ಕೈತೊಳೆದುಕೊಳ್ಳದೆ, ಬ್ಯಾಂಕಿನ ಸಾಲದ ದಾರಿ ತೋರಿಸಿ, ಸ್ವಂತ ಕೆಲಸ ಹಿಡಿದರೋ ಇಲ್ಲವೋ ಎಂದು ಬೆನ್ನಿಗೆ ನಿಂತು ನೋಡಿದ್ದು ಅದರ ಹೆಚ್ಚುಗಾರಿಕೆ. ಕಲಿತ ಕೈಗೆ ಹತಾರ ಸಿಗದಿದ್ದರೆ ಕಲಿತದ್ದು ತುಕ್ಕು ಹಿಡಿಯುತ್ತದೆ. 2009ರಲ್ಲಿ ಕೇಂದ್ರ ಸರಕಾರ ಇದನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇಂಥ ಸಂಸ್ಥೆಗಳನ್ನು ತೆರೆಯಲು ಹೊರಟಿತು. ಉಜಿರೆಯ ಹೆಸರು ಹೀಗೆ ದೇಶ ಸುತ್ತಿತು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ತಮ್ಮನ ಮಗಳು ಬೈಕು ರಿಪೇರಿಯ ತರಬೇತಿ ಮುಗಿಸಿ ಅಪ್ಪನ ಶೆಡ್ಡಿನಲ್ಲೇ ಕೆಲಸಕ್ಕೆ ನಿಂತಿದ್ದಾಳೆ. ಶುರುವಿಗೆ ಗಿರಾಕಿಗಳು “ಅಪ್ಪ ಇಲ್ವಾ?” ಎಂದು ಕೇಳಿ ಮರಳಿ ಹೋಗುತ್ತಿದ್ದರು. ಈಗ ಸ್ಕೂಟಿ ತರುವ ಟೀಚರಮ್ಮಂದಿರು, ನರ್ಸುಗಳು ಅವಳನ್ನೇ ಕೇಳಿಕೊಂಡು ಬರುತ್ತಾರೆ. ಕಳೆದ ಮಳೆಗಾಲದಲ್ಲಿ ಅವಳು ತನಗೊಂದು ಬೇರೆ ಪೆಟ್ಟಿಗೆ ಬೇಕೆಂದು ಹಟ ಹಿಡಿದಳು. ತಮ್ಮನಿಗೆ ಅದು ಸರಿಬರಲಿಲ್ಲ.

“ಇರುವುದು ಸಾಲುದಿಲ್ವಾ ಅಕ್ಕ? ಒಂದೇ ಶೆಡ್ಡಿಗೆ ಎರಡು ಪೆಟ್ಟಿಗೆ ಎಂತಕ್ಕೆ? ನಾಳೆ ಮದುವೆಯಾಗಿ ಹೋಗುವವಳು.”

ಅವಳು ನನ್ನ ಕಡೆ ತಿರುಗಿ, “ಮಾಮಿ, ಪ್ರತಿ ಸಲ ಅಪ್ಪನ ಹತ್ತಿರ ಹದಿನಾಲ್ಕರದ್ದು ಕೊಡಿ, ಹತ್ತರದ್ದು ಕೊಡಿ ಅಂತ ಕೇಳ್ತಾ ನಿಂತರೆ ನಾನು ಯಾವಾಗಲೂ ಸಹಾಯಕ್ಕೆ ಬಂದವಳೇ ಆಗುದಲ್ವಾ? ಮದುವೆಯಾಗಿ ಹೋದರೆ ಪೆಟ್ಟಿಗೆಯೂ ನನ್ನೊಟ್ಟಿಗೆ ಬರ್ತದೆ” ಎಂದಳು.

ನಾನು ತಮ್ಮನಿಗೆ ಕಾಣೆಯಾದ ರಿಂಗ್ ಸ್ಪ್ಯಾನರಿನ ಸಂಗತಿ ನೆನಪಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಚಾ ಕುಡಿಯಲು ಒಳಗೆ ಹೋದ. ಹಣ ಹೊಂದಿಸಿದ್ದು ಅವನ ಹೆಂಡತಿ, ಸ್ವಸಹಾಯ ಸಂಘದ ಸಾಲದಿಂದ. ಮತ್ತೆ ಒಬ್ಬ ಅಮ್ಮನೇ.

ಮೂಡಬಿದಿರೆಯಲ್ಲಿ ನಮ್ಮ ಮನೆಗೆ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ನಾವು ಮೂವರು ಹೆಂಗಸರು ಹೋದೆವು. ಅಂಗಡಿಯವರು ಮೊದಲು ನೂರೆಂಟು ತುಂಡುಗಳ ಹೊಳೆಯುವ ಸೆಟ್ಟು ತೋರಿಸಿದರು. ಅವಳು ಎಣಿಕೆಗೆ ಮರುಳಾಗಲಿಲ್ಲ. ದಿನವೂ ಬೇಕಾಗುವುದು ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳು. ಅವು ಒಳ್ಳೆಯ ಉಕ್ಕಿನವಿರಬೇಕು, ಉಳಿದವು ನಿಧಾನಕ್ಕೆ ಬರಲಿ ಎಂದಳು. ಬಾಯಿ ತೆರೆದ ಸ್ಪ್ಯಾನರ್ ನಟ್ಟನ್ನು ಎರಡೇ ಬದಿಯಿಂದ ಹಿಡಿಯುತ್ತದೆ, ರಿಂಗಾದರೆ ಸುತ್ತಲೂ ಹಿಡಿಯುತ್ತದೆ, ಬಿಗಿಯಾದ ನಟ್ಟಿಗೆ ಅದೇ ಕ್ಷೇಮ ಎಂದು ನಮಗೆ ವಿವರಿಸಿದಳು. ಚಕ್ರದ ಟ್ರಾಲಿ ನೋಡಲು ಚೆಂದ; ಆದರೆ ನಮ್ಮ ಮುರಕಲ್ಲಿನ ಅಂಗಳದಲ್ಲಿ ಉರುಳುವುದಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಊರಿನಲ್ಲಿ ಮುಚ್ಚಳ ಬಿಗಿಯಾಗಿ ಕೂರುವುದು, ಬಣ್ಣ ಏಳದಿರುವುದು ಮುಖ್ಯ. ಕಡೆಗೆ ಒಪ್ಪಿದ್ದು ಮೆಟ್ಟಿಲಿನಂತೆ ಬಿಚ್ಚುವ ಐದು ಅರೆಗಳ ಪೆಟ್ಟಿಗೆಯನ್ನೇ. ಒಂದು ಅರೆಯನ್ನು ಬೇಕೆಂದೇ ಖಾಲಿ ಬಿಟ್ಟಳು. 2020ರಿಂದೀಚೆಗೆ ಹೊಗೆಯ ಹೊಸ ನಿಯಮ ಬಂದು ಬೈಕುಗಳಲ್ಲಿ ಕಾರ್ಬುರೇಟರಿನ ಬದಲು ಫ್ಯೂಯೆಲ್ ಇಂಜೆಕ್ಷನ್ ಬಂದಿದೆ; ದೋಷ ಹುಡುಕಲು ಸ್ಕ್ಯಾನರ್ ಬೇಕು. ಅದಕ್ಕೆ ಜಾಗವಂತೆ.

ಅಂಗಡಿಯ ಹುಡುಗ ಬಿಲ್ಲು ಬರೆಯಲು ಕೂತು, “ಮೇಸ್ತ್ರಿಯ ಹೆಸರು?” ಎಂದ. ಅಮ್ಮ ಕೊಡಿಸಿದ ಪೆಟ್ಟಿಗೆಯ ಬಿಲ್ಲು ತಮ್ಮನ ಹೆಸರಿನಲ್ಲಿತ್ತು. ಸಾವಿರಗಟ್ಟಲೆ ಬೀಡಿಯ ಲೆಕ್ಕ ಅದರಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮ ಸೀಮೆಯ ಎಷ್ಟು ಪೆಟ್ಟಿಗೆಗಳ ಕಥೆ ಹೀಗೆಯೇ ಇರಬಹುದು, ನಿಮ್ಮ ಮನೆಗಳಲ್ಲಿ ಕೇಳಿ ನೋಡಿ. ನಾದಿನಿ ಅಭ್ಯಾಸದಂತೆ ಗಂಡನ ಹೆಸರು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿ ತನ್ನ ಹೆಸರನ್ನು ಹೇಳಿ, ಬರೆದದ್ದು ಸರಿಯಿದೆಯೇ ಎಂದು ಬಗ್ಗಿ ನೋಡಿ, ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡಳು.