ದಸರೆಯ ಸಭೆಯಲ್ಲಿ ರಾಜ್ಯದ ಲೆಕ್ಕ



ಜಮೆ, ಖರ್ಚು, ಸಾಲ, ಆಯವ್ಯಯ, ತೆರಿಗೆ - ಈ ಪದಗಳ ಅರ್ಥವನ್ನು ನೀವು ವಾಣಿಜ್ಯಶಾಸ್ತ್ರದ ಪುಸ್ತಕದಲ್ಲಿ ಓದಿದ್ದೀರಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಲೆಕ್ಕವನ್ನು ಬರೆಯುವುದು ಯಾರಿಗಾಗಿ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮದೇ ಮೈಸೂರಿನ ಇತಿಹಾಸದ ಒಂದು ಪುಟವನ್ನು ತೆರೆಯೋಣ.

ಐವತ್ತು ವರ್ಷಗಳ ಕಾಲ ಬ್ರಿಟಿಷರು ನೇರವಾಗಿ ಆಳಿದ ಮೈಸೂರು ಸಂಸ್ಥಾನವು 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ದಿವಾನರಾಗಿ ನೇಮಕಗೊಂಡವರು ಸಿ. ರಂಗಾಚಾರ್ಲು. ಅವರ ಕೈಗೆ ಬಂದ ಬೊಕ್ಕಸದ ಸ್ಥಿತಿ ಹೇಗಿತ್ತು, ಗಮನಿಸಿ. 1876ರಿಂದ 78ರವರೆಗಿನ ಭೀಕರ ಕ್ಷಾಮ ನಾಡನ್ನು ಹಿಂಡಿಹಾಕಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಉಳುವವರಿಲ್ಲದ ಹೊಲದಿಂದ ಕಂದಾಯ ಬರುವುದೆಲ್ಲಿಂದ? ಕ್ಷಾಮದ ವೆಚ್ಚಕ್ಕಾಗಿ ಬ್ರಿಟಿಷ್ ಇಂಡಿಯಾ ಸರ್ಕಾರದಿಂದ ತಂದ 80 ಲಕ್ಷ ರೂಪಾಯಿ ಸಾಲ ತಲೆಯ ಮೇಲಿತ್ತು.

ಇದಲ್ಲದೆ, 1799ರ ಒಪ್ಪಂದದಂತೆ ಪ್ರತಿ ವರ್ಷವೂ ಬ್ರಿಟಿಷರಿಗೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ, ಅಂದರೆ ಕಪ್ಪ ಸಲ್ಲಬೇಕಾಗಿತ್ತು. ಸಂಸ್ಥಾನದ ವಾರ್ಷಿಕ ಆದಾಯ ಸುಮಾರು ಒಂದು ಕೋಟಿ. ಅದರ ಕಾಲುಭಾಗ ಹೀಗೆ ಹೊರಗೆ ಹೋಗುತ್ತಿತ್ತು. ಅಧಿಕಾರ ಮರಳಿಸುವಾಗ ಬ್ರಿಟಿಷರು ಇದನ್ನು 35 ಲಕ್ಷಕ್ಕೆ ಏರಿಸಿದರು. ಆದರೆ ಕ್ಷಾಮದ ಪರಿಣಾಮವಾಗಿ ಹೆಚ್ಚುವರಿ ಹತ್ತೂವರೆ ಲಕ್ಷದ ವಸೂಲಿಯನ್ನು ಮೊದಲು ಐದು ವರ್ಷ ಮುಂದೂಡಿದರು. ನೀವೇ ಗುಣಿಸಿ ನೋಡಿ: ಐದು ವರ್ಷಕ್ಕೆ ಐವತ್ತೆರಡೂವರೆ ಲಕ್ಷ! ಕೊಡಬೇಕಾದ ಹಣ ಎಷ್ಟು ಎಂಬುದರಂತೆಯೇ ಯಾವಾಗ ಕೊಡಬೇಕು ಎಂಬುದೂ ಆಯವ್ಯಯದಲ್ಲಿ ಮುಖ್ಯವಾದ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇಂತಹ ಸ್ಥಿತಿಯಲ್ಲಿ ಆಳುವವರು ಲೆಕ್ಕವನ್ನು ಮುಚ್ಚಿಡುವುದೇ ಸಾಮಾನ್ಯ. ರಂಗಾಚಾರ್ಲು ಅದಕ್ಕೆ ವ್ಯತಿರಿಕ್ತವಾದ ದಾರಿ ಹಿಡಿದರು. 1881ರ ಆಗಸ್ಟ್ 25ರ ಆಜ್ಞೆಯ ಮೂಲಕ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಯಿತು. ಅದೇ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿದರು. ಅವರಲ್ಲಿ ಜಮೀನುದಾರರೂ ವರ್ತಕರೂ ಇದ್ದರು. ಅವರ ಮುಂದೆ ಎರಡು ವಿಷಯಗಳನ್ನು ಇಡಬೇಕೆಂಬುದು ಆಜ್ಞೆಯ ಆಶಯ: ಕಳೆದ ವರ್ಷದ ಆಡಳಿತದ ಫಲವೇನು, ಮುಂದಿನ ವರ್ಷ ಮಾಡಬೇಕೆಂದಿರುವುದೇನು?

ಮಿತ್ರರೇ, ಇಲ್ಲಿ ಸ್ವಲ್ಪ ನಿಲ್ಲಿ. ನಡೆದುಹೋದ ವರ್ಷದ ನಿಜವಾದ ಜಮಾ-ಖರ್ಚಿನ ವಿವರವೇ ಲೆಕ್ಕ. ಬರುವ ವರ್ಷದ ಜಮಾ-ಖರ್ಚಿನ ಅಂದಾಜೇ ಆಯವ್ಯಯ, ಅಂದರೆ ಬಜೆಟ್. ಲೆಕ್ಕ ಹಿಂದಕ್ಕೆ ನೋಡುತ್ತದೆ, ಬಜೆಟ್ ಮುಂದಕ್ಕೆ ನೋಡುತ್ತದೆ. ಇವೆರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಮಾತ್ರ, ಹೇಳಿದ್ದೆಷ್ಟು, ಮಾಡಿದ್ದೆಷ್ಟು ಎಂಬುದು ತಿಳಿಯುತ್ತದೆ. ಬಾಯಿಪಾಠ ಮಾಡಿದ ವ್ಯಾಖ್ಯೆಯ ಹಿಂದಿರುವ ಜೀವಂತ ಅರ್ಥ ಇದೇ.

ಹಾಗೆಂದು ಆ ಸಭೆಯನ್ನು ಇಂದಿನ ವಿಧಾನಸಭೆಗೆ ಹೋಲಿಸಬಾರದು. ಸದಸ್ಯರು ಆಗ ಚುನಾಯಿತರಾಗಿರಲಿಲ್ಲ. ಚುನಾವಣೆ ಬಂದದ್ದು 1891ರಲ್ಲಿ, ಅದೂ ಸೀಮಿತ ಮತದಾರರಿಗೆ ಮಾತ್ರ. ಅವರು ಕುಂದುಕೊರತೆ ಹೇಳಿಕೊಳ್ಳಬಹುದಿತ್ತು. ಒಂದು ರೂಪಾಯಿ ಖರ್ಚನ್ನೂ ತಡೆಯುವ ಅಧಿಕಾರ ಅವರಿಗಿರಲಿಲ್ಲ. ತೆರಿಗೆ ಕೊಡುವವನಿಗೆ ಲೆಕ್ಕ ಕೇಳಿಸುತ್ತಿತ್ತು, ಲೆಕ್ಕದ ಮೇಲೆ ಹಕ್ಕು ಇರಲಿಲ್ಲ. ರಂಗಾಚಾರ್ಲು 1883ರ ಜನವರಿಯಲ್ಲೇ ತೀರಿಕೊಂಡರು. ಆದರೂ ಸಭೆ ನಿಲ್ಲಲಿಲ್ಲ.

ಒಮ್ಮೆ ಅಂಕಿಗಳನ್ನು ಕೇಳಿದವರು ಮರುವರ್ಷ ಪ್ರಶ್ನೆಗಳೊಂದಿಗೆ ಬರುತ್ತಾರೆ. 1923ರ ಶಾಸನದಿಂದ ಪ್ರಜಾಪ್ರತಿನಿಧಿ ಸಭೆಗೆ ಬಜೆಟ್ಟನ್ನು ಚರ್ಚಿಸುವ ಹಕ್ಕು ದೊರೆಯಿತು. ಹೊಸ ತೆರಿಗೆ ಹಾಕುವ ಮೊದಲು ಅದರ ಅಭಿಪ್ರಾಯ ಕೇಳಬೇಕೆಂದಾಯಿತು. ಖರ್ಚಿನ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ನ್ಯಾಯವಿಧಾಯಕ ಸಭೆಗೆ ಬಂತು. ಲೆಕ್ಕ ಕೇಳುವುದರಿಂದ ಲೆಕ್ಕದ ಮೇಲೆ ಮತ ಹಾಕುವವರೆಗಿನ ಈ ದಾರಿ ಸವೆಯಲು ನಲವತ್ತೆರಡು ವರ್ಷ ಬೇಕಾಯಿತು.

ನಾಳೆ ನೀವು ಅಂಗಡಿಯ ಖಾತೆ ಬರೆಯಬಹುದು, ಸಹಕಾರ ಸಂಘದ ಲೆಕ್ಕ ತಪಾಸಣೆ ಮಾಡಬಹುದು, ಗ್ರಾಮಸಭೆಯಲ್ಲಿ ಪಂಚಾಯಿತಿಯ ಜಮಾ-ಖರ್ಚು ಕೇಳುತ್ತ ಕುಳಿತಿರಬಹುದು. ಖಾತೆಯ ಎರಡು ಬದಿ ಸರಿದೂಗಿದರೆ ಅರ್ಧ ಕೆಲಸ ಮುಗಿದಂತೆ. ಹಣ ಯಾರದೋ ಅವರ ಮುಂದೆ ಅದನ್ನು ಓದಿ ಹೇಳಿ, ಅವರ ಪ್ರಶ್ನೆಗೆ ಉತ್ತರ ಕೊಟ್ಟಾಗಲೇ ಉಳಿದರ್ಧ ಮುಗಿಯುವುದು.